ಸ್ಮಾರ್ಟ್ ಟಿ.ವಿ. ಕೊಡುವವರು ಜೊತೆಗೊಂದು ಕೇಬಲ್ಲನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಸರ್ಕಾರಿ ಶಾಲೆಗಳಿಗೆಲ್ಲ ದೊಡ್ಡ ಪರದೆಯ ಸ್ಮಾರ್ಟ್ ಟಿ.ವಿ. ಕೊಡಿಸಬೇಕು, ದಾನಿಗಳು ಮುಂದೆ ಬರಬೇಕು ಎಂದು ಓದುಗರೊಬ್ಬರು ತಮ್ಮ ಪತ್ರಿಕೆಗೆ ಬರೆದಿದ್ದನ್ನು ಓದಿದೆ. ಅವರ ಕಾಳಜಿಗೆ ನನ್ನ ವಿರೋಧವಿಲ್ಲ. ಆದರೆ ಈಗಾಗಲೇ ಕೊಟ್ಟಿರುವ ಟಿ.ವಿ.ಗಳ ಗತಿ ಏನಾಗಿದೆ ಎಂದು ನೋಡಿ ಬಂದು ಬರೆದಿದ್ದರೆ ಚೆನ್ನಾಗಿತ್ತು. ನಾನು ಹೊಸನಗರ ತಾಲ್ಲೂಕಿನಲ್ಲಿ ಟಿ.ವಿ. ರಿಪೇರಿ ಮಾಡಿಕೊಂಡು ಬದುಕುವವನು. ಪಿಕ್ಚರ್ ಟ್ಯೂಬಿನ ಕಾಲದಿಂದ ಇದೇ ಕಸುಬು. ಶಾಲೆ, ಸೊಸೈಟಿ, ಪಂಚಾಯಿತಿ, ಮನೆ ಎಂದು ಎಲ್ಲ ಕಡೆಯೂ ಏಣಿ ಹಾಕಿ ಹತ್ತಿದ್ದೇನೆ. ಟಿ.ವಿ.ಗೆ ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ಜೋಡಿಸಿಕೊಳ್ಳುವ ಬಗೆ ಹೇಳುವ ಈ ಪತ್ರ ತುಸು ಉದ್ದವಾಗಬಹುದು. ಕತ್ತರಿ ಹಾಕಲೇಬೇಕಾದರೆ ಸಿಡಿಲಿನ ಭಾಗವನ್ನು ಉಳಿಸಿ ಬೇರೆಲ್ಲಾದರೂ ಹಾಕಿ.

ನಮ್ಮ ಕಡೆಯ ಒಂದು ಶಾಲೆಯ ಕಥೆ ಹೇಳುತ್ತೇನೆ, ಹೆಸರು ಬೇಡ. ಹಳೆಯ ವಿದ್ಯಾರ್ಥಿಗಳು ಸೇರಿ ಗೋಡೆಗೆ 43 ಇಂಚಿನ ಟಿ.ವಿ. ಹಾಕಿಸಿಕೊಟ್ಟರು. ಶಾಲು, ಹಾರ, ಭಾಷಣ ಎಲ್ಲವೂ ಆಯಿತು. ಉದ್ಘಾಟನೆಯ ದಿನ ಯಾರದೋ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ಒಂದು ಹಾಡು ತೋರಿಸಿದರು. ಮೊಬೈಲಿನವರು ಬೆಂಗಳೂರಿಗೆ ಹಿಂತಿರುಗಿದರು, ಅವರ ಜೊತೆ ಹಾಟ್‌ಸ್ಪಾಟೂ ಹೋಯಿತು. ಆಮೇಲೆ ಆ ಟಿ.ವಿ. ಆನ್ ಮಾಡಿದಾಗಲೆಲ್ಲ ನೆಟ್‌ವರ್ಕ್ ಇಲ್ಲ ಎಂಬ ಒಂದೇ ಸಾಲು. ಅದೇ ಶಾಲೆಯ ಕಬ್ಬಿಣದ ಬೀರುವಿನೊಳಗೆ ಕಚೇರಿ ಕೆಲಸಕ್ಕೆಂದು ಬಂದ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಪಾಠದ ವಿಡಿಯೊಗಳೂ ಇವೆ. ವಿಜ್ಞಾನದ ಮೇಡಂ ಶಿವಮೊಗ್ಗಕ್ಕೆ ಹೋದಾಗ ತಮ್ಮದೇ ಡೇಟಾ ಖರ್ಚು ಮಾಡಿ ಇಳಿಸಿಕೊಂಡು ಬಂದವು. ಟಿ.ವಿ.ಗೂ ಲ್ಯಾಪ್‌ಟಾಪಿಗೂ ನಡುವೆ ಇದ್ದ ಕೊರತೆ ಒಂದೂವರೆ ಮೀಟರ್ ತಂತಿ. ಇನ್ನೂರು ರೂಪಾಯಿ ಆಸುಪಾಸಿನ ಆ ತಂತಿ ಯಾರ ಪಟ್ಟಿಯಲ್ಲೂ ಇರಲಿಲ್ಲ. ಮಕ್ಕಳು ಲ್ಯಾಪ್‌ಟಾಪಿನ ಸುತ್ತ ಮುಗಿಬಿದ್ದು, ಹಿಂದಿನ ಬೆಂಚಿನವರು ಮುಂದಿನವರ ಭುಜ ಹಿಡಿದು ಇಣುಕಿ, ಹೃದಯದ ನಾಲ್ಕು ಕೋಣೆಗಳನ್ನು ನೋಡುತ್ತಿದ್ದರು. ಅವರ ತಲೆಯ ಮೇಲೆಯೇ ದೊಡ್ಡ ಟಿ.ವಿ. ಕಪ್ಪಗೆ ನೇತಾಡುತ್ತಿತ್ತು.

ನಮ್ಮ ತಾಲ್ಲೂಕಿನ ನಗರ, ನಿಟ್ಟೂರು, ಸಂಪೆಕಟ್ಟೆ ಎಂಬ ಊರುಗಳ ಕಡೆಯ ನೆಟ್‌ವರ್ಕಿನ ಹಣೆಬರಹ ತಮ್ಮ ಪತ್ರಿಕೆಗೆ ಹೊಸ ಸುದ್ದಿಯೇನಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಮಕ್ಕಳು ಗುಡ್ಡದ ನೆತ್ತಿಯಲ್ಲಿ ಕೊಡೆ ಬಿಚ್ಚಿ ಕುಳಿತು ಪಾಠ ಕೇಳಿದ್ದನ್ನು ರಾಜ್ಯವೆಲ್ಲ ನೋಡಿದೆ. ಆಗಿನಿಂದ ಒಂದಿಷ್ಟು ಸುಧಾರಿಸಿದೆ, ಇಲ್ಲವೆನ್ನುವುದಿಲ್ಲ. ಆದರೂ ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಅಲ್ಲಿಗೆ ಸ್ಮಾರ್ಟ್ ಟಿ.ವಿ.ಯ ಅರ್ಧ ಪ್ರಾಣ ಹೋದಂತೆ. ಲ್ಯಾಪ್‌ಟಾಪಿನಿಂದ ಕೇಬಲ್ಲಿನಲ್ಲಿ ಬರುವ ಚಿತ್ರಕ್ಕೆ ಟವರೂ ಬೇಡ, ಇಂಟರ್ನೆಟ್ಟೂ ಬೇಡ. 32 ಇಂಚಿನ ಎಲ್‌ಇಡಿ ಟಿ.ವಿ. ಎಳೆಯುವುದು 50 ವ್ಯಾಟಿನ ಆಸುಪಾಸು. ಸಣ್ಣ ಇನ್ವರ್ಟರಿಗೆ ಅದು ಭಾರವೇ ಅಲ್ಲ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ. ಮಲೆನಾಡಿಗೆ ಇದಕ್ಕಿಂತ ಸರಿಹೊಂದುವ ಏರ್ಪಾಡು ನನಗಂತೂ ಕಂಡಿಲ್ಲ.

ಈ ಕೇಬಲ್ಲಿನ ಹೆಸರು ಎಚ್‌ಡಿಎಂಐ. 2002ರ ಕೊನೆಯಲ್ಲಿ ಸೋನಿ, ಫಿಲಿಪ್ಸ್, ತೋಷಿಬಾ, ಹಿಟಾಚಿ ಮೊದಲಾದ ಕಂಪನಿಗಳು ಸೇರಿ ಮಾಡಿದ ಏರ್ಪಾಡು ಇದು. ಒಂದೇ ತಂತಿಯಲ್ಲಿ ಚಿತ್ರವೂ ಧ್ವನಿಯೂ ಹೋಗುತ್ತವೆ. ಪಿನ್ನಿನ ಬಾಯಿ ನೋಡಿದರೆ 19 ಸಣ್ಣ ಸಂಪರ್ಕಗಳು ಎರಡು ಸಾಲಾಗಿ ಕಾಣುತ್ತವೆ. ಮೇಲ್ಭಾಗ ಅಗಲ, ಕೆಳಭಾಗದ ಎರಡೂ ಮೂಲೆ ಒಳಕ್ಕೆ ಓರೆ. ಹಾಗಾಗಿ ತಿರುಗಾಮುರುಗಾ ಹಾಕಲು ಬರುವುದಿಲ್ಲ. ಬಲವಂತ ಮಾಡಿದರೆ ಟಿ.ವಿ.ಯ ಬೋರ್ಡಿನಲ್ಲಿರುವ ಸಾಕೆಟ್ಟಿನ ಬೆಸುಗೆ ಬಿಡುತ್ತದೆ. ಆಗ ನನಗೆ ಕೆಲಸ ಸಿಗುತ್ತದೆ, ಆದರೆ ಅಂಥ ಕೆಲಸ ನನಗೆ ಇಷ್ಟವಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಕೊಂಡ, ಸ್ಮಾರ್ಟ್ ಅಲ್ಲದ, ಬರೀ ಚಪ್ಪಟೆ ಟಿ.ವಿ.ಯ ಹಿಂದೆ ಕೈ ಹಾಕಿದರೂ ಸಾಮಾನ್ಯವಾಗಿ ಈ ಕಿಂಡಿ ಒಂದಾದರೂ ಸಿಗುತ್ತದೆ. ಲ್ಯಾಪ್‌ಟಾಪ್ ಜೋಡಿಸಲೆಂದು ಹೊಸ ಟಿ.ವಿ. ಕೊಳ್ಳಬೇಕಾಗಿಲ್ಲ ಎಂಬುದನ್ನು ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿ. ಹೊಸ ಟಿ.ವಿ. ಮಾರುವ ಅಂಗಡಿಯಲ್ಲಿ ಈ ಮಾತನ್ನು ನಿಮಗೆ ಯಾರೂ ಹೇಳುವುದಿಲ್ಲ.

ಜೋಡಿಸುವುದು ಸುಲಭ, ಚಿತ್ರ ಬರಿಸುವಲ್ಲಿ ಜನ ಎಡವುತ್ತಾರೆ. ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಹೀಗಿರುತ್ತವೆ: “ಕೇಬಲ್ ಹಾಕಿದ್ದೇವೆ ಮಾರಾಯರೇ, ಏನೂ ಬರುತ್ತಿಲ್ಲ.” ನಾನು ಕೇಳುವ ಮೊದಲ ಪ್ರಶ್ನೆ, ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಎಂಬ ಗುಂಡಿ ಒತ್ತಿದ್ದೀರಾ? ಟಿ.ವಿ. ಇನ್ನೂ ಡಿಶ್‌ನ ಪೆಟ್ಟಿಗೆಯನ್ನೇ ನೋಡುತ್ತಾ ಕುಳಿತಿರುತ್ತದೆ. ನೀವು ಕೇಬಲ್ ಸಿಕ್ಕಿಸಿದ ಕಿಂಡಿಯ ಪಕ್ಕದಲ್ಲಿ ಎಚ್‌ಡಿಎಂಐ 1 ಎಂದೋ 2 ಎಂದೋ ಇರುತ್ತದೆ, ಪರದೆಯ ಮೇಲೆ ಅದೇ ಸಂಖ್ಯೆಯನ್ನು ಆರಿಸಬೇಕು. ಇಷ್ಟಕ್ಕೇ ಅರ್ಧ ಜನರ ಸಮಸ್ಯೆ ಮುಗಿಯುತ್ತದೆ.

ಉಳಿದ ಅರ್ಧಕ್ಕೆ ಲ್ಯಾಪ್‌ಟಾಪ್ ಕಡೆ ಒಂದು ಕೆಲಸವಿದೆ. ಕೀಲಿಮಣೆಯ ಎಡಗಡೆ ಕೆಳಗೆ ನಾಲ್ಕು ಚೌಕದ ಗುರುತಿರುವ ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ಪಿ ಅಕ್ಷರ ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ಲ್ಯಾಪ್‌ಟಾಪಿನಲ್ಲಿ ಮಾತ್ರ, ಎರಡರಲ್ಲೂ ಒಂದೇ ಚಿತ್ರ, ಒಂದರ ಮುಂದುವರಿಕೆಯಾಗಿ ಇನ್ನೊಂದು, ಟಿ.ವಿ.ಯಲ್ಲಿ ಮಾತ್ರ. ಪಾಠ ಮಾಡುವವರಿಗೆ ಬೇಕಾದ್ದು ಎರಡನೆಯದು, ಡೂಪ್ಲಿಕೇಟ್ ಎಂದು ಬರೆದಿರುವುದು. ಮೂರನೆಯದು, ಎಕ್ಸ್‌ಟೆಂಡ್ ಎಂಬುದು, ತುಂಬಾ ಜನರನ್ನು ದಿಕ್ಕು ತಪ್ಪಿಸಿದೆ. ಅದನ್ನು ಆರಿಸಿದರೆ ಟಿ.ವಿ.ಯಲ್ಲಿ ಬರೀ ಹಿನ್ನೆಲೆಯ ಚಿತ್ರ ಕಾಣುತ್ತದೆ. ಕಡತಗಳಿಲ್ಲ, ವಿಡಿಯೊ ಇಲ್ಲ. ಕೆಟ್ಟುಹೋಯಿತು ಎಂದುಕೊಳ್ಳುತ್ತಾರೆ. ಹಾಗೇನಿಲ್ಲ, ಲ್ಯಾಪ್‌ಟಾಪಿನ ಪರದೆ ಟಿ.ವಿ.ಯವರೆಗೂ ಅಗಲವಾಗಿದೆ ಅಷ್ಟೆ. ವಿಡಿಯೊದ ಕಿಟಕಿಯನ್ನು ಮೌಸಿನಲ್ಲಿ ಹಿಡಿದು ಅಂಚಿನಾಚೆ ಎಳೆದರೆ ಅದು ಟಿ.ವಿ.ಯಲ್ಲಿ ಪ್ರತ್ಯಕ್ಷವಾಗುತ್ತದೆ. ರೂಢಿಯಾದ ಮೇಲೆ ಇದೇ ಹೆಚ್ಚು ಉಪಯೋಗ. ಟಿ.ವಿ.ಯಲ್ಲಿ ಪಾಠ ಓಡುತ್ತಿರುವಾಗ ಮೇಷ್ಟ್ರು ಲ್ಯಾಪ್‌ಟಾಪಿನಲ್ಲಿ ಹಾಜರಿ ತುಂಬಬಹುದು.

ಚಿತ್ರ ಟಿ.ವಿ.ಯಲ್ಲಿ, ಧ್ವನಿ ಲ್ಯಾಪ್‌ಟಾಪಿನಲ್ಲೇ ಉಳಿಯಿತೇ? ಪರದೆಯ ಬಲಮೂಲೆಯ ಸ್ಪೀಕರ್ ಗುರುತನ್ನು ಒತ್ತಿ, ಬರುವ ಪಟ್ಟಿಯಲ್ಲಿ ಟಿ.ವಿ.ಯ ಹೆಸರನ್ನು ಆರಿಸಿ. ಮುಗಿಯಿತು.

ಇನ್ನೊಂದು ತಕರಾರು ಚಿತ್ರದ ಅಂಚು ಕತ್ತರಿಸಿಹೋಗುವುದು. ಲ್ಯಾಪ್‌ಟಾಪಿನಲ್ಲಿ ಕೆಳಗಿನ ಪಟ್ಟಿ ಪೂರ್ತಿ ಕಾಣುತ್ತದೆ, ಟಿ.ವಿ.ಯಲ್ಲಿ ಅರ್ಧ ಮಾಯ. ಇದಕ್ಕೆ ಕಾರಣ ಹಳೆಯದು, ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಪಿಕ್ಚರ್ ಟ್ಯೂಬಿನ ಟಿ.ವಿ.ಗಳಲ್ಲಿ ವೋಲ್ಟೇಜ್ ಏರಿಳಿದರೆ ಚಿತ್ರವೂ ಹಿಗ್ಗಿ ಕುಗ್ಗುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಊರಿನ ಪಂಪುಸೆಟ್ಟುಗಳೂ ಓಡತೊಡಗಿದರೆ ನಾಲ್ಕೂ ಕಡೆ ಕಪ್ಪು ಅಂಚು ಬಂದು, ವಾರ್ತೆ ಓದುವವರು ಸಣ್ಣಗಾಗುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಅಂಚು ಕಾಣದಿರಲೆಂದು ಚಿತ್ರವನ್ನು ಚೌಕಟ್ಟಿಗಿಂತ ತುಸು ದೊಡ್ಡದಾಗಿ ಹರಡುವ ಪದ್ಧತಿ ಇತ್ತು. ಟ್ಯೂಬು ಹೋಯಿತು, ಪದ್ಧತಿ ಹೋಗಲಿಲ್ಲ. ಟಿ.ವಿ.ಯ ಸೆಟ್ಟಿಂಗಿನಲ್ಲಿ ಚಿತ್ರದ ಅಳತೆ ಎಂಬಲ್ಲಿ ಹುಡುಕಿದರೆ ಸ್ಕ್ರೀನ್ ಫಿಟ್ ಎಂದೋ ಜಸ್ಟ್ ಸ್ಕ್ಯಾನ್ ಎಂದೋ ಒಂದು ಆಯ್ಕೆ ಇರುತ್ತದೆ. ಕಂಪನಿಗೊಂದು ಹೆಸರು. ಅದನ್ನು ಹಾಕಿದರೆ ಅಂಚು ವಾಪಸು ಬರುತ್ತದೆ. ಅಕ್ಷರ ಮಸುಕಾಗಿದ್ದರೆ ಟಿ.ವಿ.ಯ ಸ್ವಂತ ರೆಸಲ್ಯೂಷನ್, ಅಂದರೆ ಪರದೆಯಲ್ಲಿ ಅಡ್ಡಕ್ಕೆ ಮತ್ತು ಉದ್ದಕ್ಕೆ ಎಷ್ಟೆಷ್ಟು ಚುಕ್ಕಿ ಎಂಬ ಲೆಕ್ಕ, ಎಷ್ಟೆಂದು ನೋಡಿಕೊಳ್ಳಬೇಕು. ನಮ್ಮ ಮನೆಗಳಲ್ಲಿರುವ 32 ಇಂಚಿನ ಬಹಳಷ್ಟು ಟಿ.ವಿ.ಗಳು 1366ಕ್ಕೆ 768 ಚುಕ್ಕಿಗಳವು. ಲ್ಯಾಪ್‌ಟಾಪ್ 1920ಕ್ಕೆ 1080 ಕಳಿಸಿದರೆ ಟಿ.ವಿ. ಅದನ್ನು ಹಿಂಡಿ ತೋರಿಸುತ್ತದೆ. ಸಿನಿಮಾಕ್ಕೆ ಅಡ್ಡಿಯಿಲ್ಲ, ಸಣ್ಣ ಅಕ್ಷರಕ್ಕೆ ಅಡ್ಡಿ. ಲ್ಯಾಪ್‌ಟಾಪಿನ ಸೆಟ್ಟಿಂಗಿನಲ್ಲಿ ಅಕ್ಷರಗಳ ಗಾತ್ರವನ್ನು ಶೇ 150ಕ್ಕೆ ಏರಿಸಿದರೆ ಕೊನೆಯ ಬೆಂಚಿನ ಮಗುವೂ ಓದಬಲ್ಲದು.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಸಿಟ್ಟು ಗಿರಾಕಿಗಳ ಮೇಲಲ್ಲ.

ಪೇಟೆಯಲ್ಲಿ ಮತ್ತು ಆನ್‌ಲೈನಿನಲ್ಲಿ ಕೆಲಸಕ್ಕೆ ಬಾರದ ಕೇಬಲ್ಲುಗಳನ್ನು ರಾಜಾರೋಷವಾಗಿ ಮಾರುತ್ತಿದ್ದಾರೆ. ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದು ತುದಿಗೆ ಹಳದಿ, ಕೆಂಪು, ಬಿಳಿ ಪಿನ್ನುಗಳಿರುವ ಬರೀ ತಂತಿಯನ್ನು ಹಳೆಯ ಟ್ಯೂಬ್ ಟಿ.ವಿ.ಗೆ ಹಾಕಲು ಜನ ಕೊಳ್ಳುತ್ತಾರೆ. ಲ್ಯಾಪ್‌ಟಾಪಿನಿಂದ ಬರುವುದು ಡಿಜಿಟಲ್ ಸಂಕೇತ, ಹಳದಿ ಪಿನ್ನಿಗೆ ಬೇಕಾದ್ದು ಅನಲಾಗ್. ನಡುವೆ ಕರೆಂಟು ತೆಗೆದುಕೊಂಡು ಒಂದನ್ನು ಇನ್ನೊಂದಾಗಿ ಮಾಡುವ ಸಣ್ಣ ಪೆಟ್ಟಿಗೆ ಇರಲೇಬೇಕು. ಬರೀ ತಂತಿಯಲ್ಲಿ ಚಿತ್ರ ಬರುವುದಿಲ್ಲ, ಯಾವ ಕಾಲಕ್ಕೂ ಬರುವುದಿಲ್ಲ. ಪೆಟ್ಟಿಗೆ ಇದ್ದರೂ ದಿಕ್ಕು ನೋಡಿಕೊಳ್ಳಬೇಕು. ಎಚ್‌ಡಿಎಂಐಯಿಂದ ಮೂರು ಬಣ್ಣದ ಪಿನ್ನಿಗೆ ಹೋಗುವ ಪೆಟ್ಟಿಗೆ ಬೇರೆ, ಅಲ್ಲಿಂದ ಇಲ್ಲಿಗೆ ಬರುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಅವಳಿ ಜವಳಿ.

ಎರಡೂ ತುದಿಗೆ ಚಪ್ಪಟೆ ಯುಎಸ್‌ಬಿ ಪಿನ್ನಿರುವ ಕೇಬಲ್ ಇನ್ನೊಂದು. ಟಿ.ವಿ.ಗೂ ಯುಎಸ್‌ಬಿ ಇದೆ, ಲ್ಯಾಪ್‌ಟಾಪಿಗೂ ಇದೆ, ಜೋಡಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಟಿ.ವಿ.ಯ ಆ ಕಿಂಡಿ ಪೆನ್‌ಡ್ರೈವಿಗಾಗಿ ಇರುವುದು, ಅದರಲ್ಲಿ ಲ್ಯಾಪ್‌ಟಾಪಿನ ಪರದೆ ಬರುವುದಿಲ್ಲ. ಎರಡೂ ಕಡೆಯಿಂದ ಐದೈದು ವೋಲ್ಟ್ ಹೊರಡುವುದರಿಂದ ಯಾವುದಾದರೂ ಒಂದು ಕಡೆ ಸುಡುವ ಅಪಾಯ ಬೇರೆ. ಇದನ್ನು ಟಿ.ವಿ. ಕೇಬಲ್ ಎಂದೇ ಹೇಳಿ ಮಾರಿದವರಿದ್ದಾರೆ.

ಈಗಿನ ಮೊಬೈಲುಗಳ ಚಾರ್ಜಿನ ಕಿಂಡಿಯಂಥ ಟೈಪ್-ಸಿ ಬಂದ ಮೇಲಂತೂ ಗೊಂದಲ ಹೇಳತೀರದು. ಹೊಸ ತೆಳು ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಎಚ್‌ಡಿಎಂಐ ಕಿಂಡಿಯೇ ಇಲ್ಲ, ಬರೀ ಟೈಪ್-ಸಿ. ಅಂಥದ್ದಕ್ಕೆ ಟೈಪ್-ಸಿಯಿಂದ ಎಚ್‌ಡಿಎಂಐ ಮಾಡುವ ಅಡಾಪ್ಟರ್ ಬೇಕು. ಆದರೆ ಎಲ್ಲ ಟೈಪ್-ಸಿ ಕಿಂಡಿಯಿಂದಲೂ ಚಿತ್ರ ಹೊರಬರುವುದಿಲ್ಲ. ಕೆಲವು ಚಾರ್ಜಿಗೆ ಮತ್ತು ಕಡತ ಸಾಗಿಸುವುದಕ್ಕೆ ಮಾತ್ರ. ಕಿಂಡಿಯ ಪಕ್ಕದಲ್ಲಿ ಡಿ ಮತ್ತು ಪಿ ಅಕ್ಷರ ಹೆಣೆದ ಗುರುತೋ ಮಿಂಚಿನ ಬಾಣದ ಥಂಡರ್‌ಬೋಲ್ಟ್ ಗುರುತೋ ಇದ್ದರೆ ಚಿತ್ರ ಬರುತ್ತದೆ. ಗುರುತೇ ಇಲ್ಲದಿದ್ದರೆ ಆ ಮಾಡೆಲ್ಲಿನ ವಿವರ ಓದಿ ಖಾತ್ರಿ ಮಾಡಿಕೊಳ್ಳಬೇಕು. ಕಾಲೇಜಿಗೆ ಹೋಗುವ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿದ ತಂದೆಯೊಬ್ಬರು ಅಡಾಪ್ಟರ್ ಹಿಡಿದು ನನ್ನ ಅಂಗಡಿಗೆ ಬಂದಿದ್ದರು, ಕೆಲಸ ಮಾಡುತ್ತಿಲ್ಲ ಎಂದು. ಅಡಾಪ್ಟರ್ ಸರಿಯಾಗಿಯೇ ಇತ್ತು, ಕಿಂಡಿಯಲ್ಲಿ ಚಿತ್ರವಿರಲಿಲ್ಲ. ಮಾರಿದ ಅಂಗಡಿಯವರಿಗೆ ಫೋನು ಮಾಡಿದರೆ, “ಅಷ್ಟೆಲ್ಲ ನಮಗೆ ಗೊತ್ತಿರುವುದಿಲ್ಲ ಸಾರ್” ಎಂಬ ಉತ್ತರ. ಐವತ್ತು ಸಾವಿರದ ವಸ್ತು ಮಾರುವವರಿಗೆ ಅದರ ಕಿಂಡಿಗಳ ಪರಿಚಯ ಇರಬೇಡವೇ?

ಇನ್ನು ದುಬಾರಿ ಕೇಬಲ್ಲು. ಬಂಗಾರದ ಲೇಪ, ಹೆಣೆದ ಹೊದಿಕೆ, ಮೇಲೆ ಅತಿ ಸ್ಪಷ್ಟ ಚಿತ್ರದ ಟಿ.ವಿ.ಗೆಂದು ಸೂಚಿಸುವ 8ಕೆ ಎಂಬ ಮುದ್ರೆ. ಬೆಲೆ ಸಾವಿರದ ಮೇಲೆ. ಮಾಮೂಲಿ ಟಿ.ವಿ.ಗೆ ಎರಡು ಮೀಟರಿನೊಳಗಿನ ಮಾಮೂಲಿ ಕೇಬಲ್ ಸಾಕು. ಡಿಜಿಟಲ್ ಸಂಕೇತ ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಚುಕ್ಕಿ ಮಿನುಗಿ, ಚಿತ್ರ ಕಪ್ಪಾಗಿ ಗೊತ್ತುಮಾಡುತ್ತದೆ. ದುಡ್ಡು ಜಾಸ್ತಿ ಕೊಟ್ಟರೆ ಬಣ್ಣ ಜಾಸ್ತಿ ಬರುವುದಿಲ್ಲ. ಉದ್ದ ಹೆಚ್ಚಿದಂತೆ ಸಂಕೇತ ಸೊರಗುತ್ತದೆ ಎಂಬುದು ನಿಜ. ಸಭಾಂಗಣದ ಈ ತುದಿಯಿಂದ ಆ ತುದಿಗೆ ಎಳೆಯುವುದಿದ್ದರೆ ಆಗ ಒಳ್ಳೆಯದನ್ನೇ ನೋಡಿ ಕೊಳ್ಳಿ.

ಹಳೆಯ ಲ್ಯಾಪ್‌ಟಾಪಿನಲ್ಲಿ ಮೂರು ಸಾಲಿನಲ್ಲಿ 15 ತೂತುಗಳ ನೀಲಿ ಕಿಂಡಿ ಇದ್ದರೆ ಅದು ವಿಜಿಎ, 1987ರಲ್ಲಿ ಐಬಿಎಂ ಕಂಪನಿ ತಂದದ್ದು. ಹಳೆಯ ಹಲವು ಚಪ್ಪಟೆ ಟಿ.ವಿ.ಗಳಲ್ಲಿ ಪಿಸಿ ಎಂದು ಬರೆದ ಅಂಥದೇ ಕಿಂಡಿ ಇರುತ್ತದೆ, ನೇರ ಜೋಡಿಸಬಹುದು. ಧ್ವನಿ ಮಾತ್ರ ಅದರಲ್ಲಿ ಬರುವುದಿಲ್ಲ, ಇಯರ್‌ಫೋನ್ ತೂತಿನಿಂದ ಬೇರೆ ವೈರು ಎಳೆಯಬೇಕು.

ವೈರಿಲ್ಲದೆಯೂ ಆಗುತ್ತದಲ್ಲ ಎಂದು ಈಗಿನ ಹುಡುಗರು ಕೇಳುತ್ತಾರೆ. ಆಗುತ್ತದೆ. ವಿಂಡೋಸ್ ಕೀಲಿಯ ಜೊತೆ ಕೆ ಒತ್ತಿದರೆ ವೈರಿಲ್ಲದೆ ಚಿತ್ರ ಪಡೆಯುವ ಮಿರಾಕಾಸ್ಟ್ ಸೌಲಭ್ಯ ಇರುವ ಟಿ.ವಿ.ಯನ್ನು ಲ್ಯಾಪ್‌ಟಾಪ್ ಹುಡುಕಿಕೊಳ್ಳುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ, ಎರಡೂ ನೇರವಾಗಿ ಮಾತಾಡಿಕೊಳ್ಳುತ್ತವೆ. ಎಲ್ಲ ಟಿ.ವಿ.ಯಲ್ಲಿ ಆ ಸೌಲಭ್ಯ ಇಲ್ಲ, ಇದ್ದರೂ ಮಾತು ಒಂದು ಕ್ಷಣ ತಡವಾಗಿ ಬರುವುದು, ನಡುವೆ ತುಂಡಾಗುವುದು ಉಂಟು. ಕೈ ಬೀಸಿದ್ದು ಮೊದಲು, ಚೆಂಡೆಯ ಪೆಟ್ಟು ಆಮೇಲೆ ಎಂದಾದರೆ ಯಕ್ಷಗಾನ ನೋಡುವವರಿಗೆ ಮೈ ಉರಿಯುತ್ತದೆ. ನನ್ನ ಮತ ಕೇಬಲ್ಲಿಗೇ.

ಕಿಂಡಿಗಳ ವಿಚಾರದಲ್ಲಿ ನಮ್ಮ ಮಲೆನಾಡಿನಲ್ಲಿ ಕಾಡುವ ಒಂದು ಉಪದ್ರವ ಇದೆ, ಯಾವ ಕಂಪನಿಯ ಪುಸ್ತಕದಲ್ಲೂ ಬರೆದಿಲ್ಲ. ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ. ಟಿ.ವಿ.ಯ ಹಿಂದಿನ ಖಾಲಿ ಕಿಂಡಿಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಮನೆಯಲ್ಲಿ ಕೇಬಲ್ ಅರ್ಧಕ್ಕಿಂತ ಒಳಗೆ ಹೋಗುತ್ತಿಲ್ಲವೆಂದು ಕರೆದಿದ್ದರು. ಟಾರ್ಚು ಬಿಟ್ಟು ನೋಡಿದರೆ ಎಚ್‌ಡಿಎಂಐ ಕಿಂಡಿಯ ಬಾಯಿಗೆ ನುಣ್ಣನೆ ಕೆಮ್ಮಣ್ಣು ಮೆತ್ತಿ ಮುಚ್ಚಿತ್ತು, ಕೈಯಲ್ಲಿ ಗಿಲಾಯಿ ಮಾಡಿದಷ್ಟು ಚೊಕ್ಕ. ಪಕ್ಕದ ಯುಎಸ್‌ಬಿಯಲ್ಲಿ ಇನ್ನೊಂದು ಮನೆ ಅರ್ಧ ಕಟ್ಟಿ ಆಗಿತ್ತು. ಒದ್ದೆ ಮಾಡದೆ, ಬಿದಿರಿನ ಹಲ್ಲುಕಡ್ಡಿಯಿಂದ ಪುಡಿ ಪುಡಿಯಾಗಿ ಕೆರೆದು, ಬ್ರಷ್ಷಿನಿಂದ ಗುಡಿಸಿ, ಒಳಗಿನ ಪುಟ್ಟ ನಾಲಿಗೆಗೆ ಏಟಾಗದಂತೆ ತೆಗೆಯುವಷ್ಟರಲ್ಲಿ ಆ ಮನೆಯವರ ಎರಡು ಸುತ್ತು ಕಾಫಿ ಆಯಿತು. ಸೇಫ್ಟಿ ಪಿನ್ನು ಹಾಕಿ ಕೆದಕುವ ಧೈರ್ಯವಂತರೂ ಇದ್ದಾರೆ, ಅವರ ಟಿ.ವಿ.ಗಳು ಬೋರ್ಡು ಬದಲಿಗೆ ಬರುತ್ತವೆ. ಬಳಸದ ಕಿಂಡಿಗಳಿಗೆ ಒಂದು ತುಂಡು ಟೇಪು ಅಂಟಿಸಿದರೆ ಸಾಕು. ಮಳೆಗಾಲದಲ್ಲಿ ಕೇಬಲ್ಲನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ, ಗೋಡೆಯ ಮೊಳೆಗೆ ನೇತುಹಾಕಿದರೆ ಪಿನ್ನಿಗೆ ಬೂಷ್ಟು ಬರುತ್ತದೆ.

ಸಿಡಿಲಿನ ವಿಷಯ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲಿನ ಗುಡುಗು ಮಳೆ ನಮ್ಮಲ್ಲಿ ಎಷ್ಟು ಟಿ.ವಿ. ತಿನ್ನುತ್ತದೆಂದು ನನ್ನ ಮೇಜಿನ ಮೇಲಿನ ಬೋರ್ಡುಗಳ ರಾಶಿ ಹೇಳುತ್ತದೆ. ಸಿಡಿಲು ನೇರ ಮನೆಗೇ ಬಡಿಯಬೇಕಾಗಿಲ್ಲ. ಹತ್ತಿರದ ಮರಕ್ಕೋ ಲೈನಿಗೋ ಬಡಿದರೂ ಕರೆಂಟಿನ ವೈರಿನಲ್ಲಿ, ಮಾಡಿನ ಮೇಲಿನ ಡಿಶ್‌ನಿಂದ ಇಳಿದು ಬರುವ ಕೇಬಲ್ಲಿನಲ್ಲಿ ಭಾರೀ ವೋಲ್ಟೇಜ್ ಹರಿಯುತ್ತದೆ. ಮೊದಲೆಲ್ಲ ಅದರಿಂದ ಟಿ.ವಿ. ಒಂದೇ ಹೋಗುತ್ತಿತ್ತು. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿಟ್ಟರೆ ಡಿಶ್‌ನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಟಿ.ವಿ.ಗೆ, ಟಿ.ವಿ.ಯಿಂದ ಲ್ಯಾಪ್‌ಟಾಪಿಗೆ ದಾರಿಯಾಗುತ್ತದೆ. ಟಿ.ವಿ.ಗಿಂತ ದುಬಾರಿಯಾದದ್ದೂ ಜೊತೆಗೆ ಹೋಗುತ್ತದೆ. ಬರೀ ಸ್ವಿಚ್ ಆರಿಸಿದರೆ ಸಾಲದು. ಮೋಡ ಕಟ್ಟುತ್ತಿದ್ದಂತೆಯೇ, ಗುಡುಗು ಕೇಳುವವರೆಗೆ ಕಾಯದೆ, ಪ್ಲಗ್ಗು ಕಿತ್ತು, ಡಿಶ್‌ನ ಕೇಬಲ್ ಬಿಚ್ಚಿ, ಲ್ಯಾಪ್‌ಟಾಪಿನ ಎಚ್‌ಡಿಎಂಐ ತೆಗೆದಿಡಬೇಕು. ಗುಡುಗು ಕೇಳಿದ ಮೇಲೆ ವೈರು ಬಿಚ್ಚಲು ಹೋಗಬೇಡಿ, ಟಿ.ವಿ. ಹೋದರೆ ಹೋಗಲಿ.

ಇದಕ್ಕೆ ಸೇರಿದ್ದೇ ಅರ್ತಿಂಗಿನ ಮಾತು. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತದೆ ಎಂದು ಹಲವರು ಹೇಳುತ್ತಾರೆ. ಚಾರ್ಜರಿನಲ್ಲಿರುವ ಸಣ್ಣ ಕೆಪಾಸಿಟರಿನ ಮೂಲಕ ಬರುವ ಅತಿ ಸಣ್ಣ ಸೋರಿಕೆ ಅದು. ಮೂರು ಪಿನ್ನಿನ ಪ್ಲಗ್ಗೂ ಸರಿಯಾದ ಅರ್ತಿಂಗೂ ಇದ್ದರೆ ಭೂಮಿಗೆ ಇಳಿದುಹೋಗುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಕೇಬಲ್ ಸಿಕ್ಕಿಸುವ ಕ್ಷಣದಲ್ಲಿ ಟಿ.ವಿ.ಯ ಕಿಂಡಿಯಲ್ಲಿ ಕಿಡಿ ಹಾರಿ ಎಚ್‌ಡಿಎಂಐ ಚಿಪ್ಪು ಸಾಯುವುದುಂಟು. ಆದ್ದರಿಂದ ಎರಡನ್ನೂ ಆಫ್ ಮಾಡಿ, ಚಾರ್ಜರ್ ತೆಗೆದು, ಮೊದಲು ಕೇಬಲ್ ಜೋಡಿಸಿ, ಆಮೇಲೆ ಆನ್ ಮಾಡುವುದು ಕ್ಷೇಮ. ಜಂಬಿಟ್ಟಿಗೆ ಗುಡ್ಡದ ಮೇಲಿನ ಮನೆ, ಶಾಲೆಗಳಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ ಹೆಸರಿಗಷ್ಟೇ ಇರುತ್ತದೆ. ಅದಕ್ಕೆ ನೀರು ಹಾಕಲು ಮಕ್ಕಳನ್ನು ಕಳಿಸದೆ ದೊಡ್ಡವರೇ ಹಾಕಲಿ, ಮತ್ತು ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಅಳತೆ ಮಾಡಿಸಲಿ.

ಇಷ್ಟೆಲ್ಲ ಉಪದ್ವ್ಯಾಪ ಯಾಕೆ ಎಂದು ಕೇಳುವವರಿಗೆ ಒಂದು ಸಂಜೆಯ ಸಂಗತಿ. ನಮ್ಮ ಕಡೆ ಅಡಿಕೆಗೆ ಎಲೆಚುಕ್ಕಿ ರೋಗ ಬಿದ್ದು ತೋಟಗಳು ಸುಟ್ಟಂತೆ ಕಾಣತೊಡಗಿದಾಗ ಸೊಸೈಟಿಯ ಮಾಳಿಗೆಯಲ್ಲಿ ಬೆಳೆಗಾರರ ಸಭೆ ಸೇರಿತ್ತು. ತೋಟಗಾರಿಕೆ ಓದಿದ ಊರಿನ ಹುಡುಗನೊಬ್ಬ ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ತಂದಿದ್ದ. ಟಿ.ವಿ.ಗೆ ಜೋಡಿಸಿಕೊಡಲು ನನ್ನನ್ನು ಕರೆದಿದ್ದರು. ಮೊಬೈಲಿನಲ್ಲಿ ಕಳಿಸಿದ ಚಿತ್ರಗಳನ್ನು ಎಲ್ಲರೂ ಮೊದಲೇ ನೋಡಿದ್ದರು. ಒಬ್ಬರು ಎಲೆಚುಕ್ಕಿ ಎಂದರೆ ಇನ್ನೊಬ್ಬರು ಹಳದಿ ಎಲೆ ರೋಗ ಎನ್ನುತ್ತಿದ್ದರು. ಒಂದು ಸೋಗೆಯ ಗರಿಯನ್ನು ಟಿ.ವಿ.ಯ ಅಗಲಕ್ಕೆ ಹಿಗ್ಗಿಸಿ ತೋರಿಸಿದಾಗ ಕಂದು ಚುಕ್ಕಿಯೂ ಅದರ ಸುತ್ತಲಿನ ಹಳದಿ ಬಳೆಯೂ ಬೇರೆ ಬೇರೆಯಾಗಿ ಕಂಡವು. ಪಕ್ಕದಲ್ಲೇ ಹಳದಿ ಎಲೆ ರೋಗದ ಗರಿ: ಚುಕ್ಕಿಯಿಲ್ಲ, ತುದಿಯಿಂದ ಹಳದಿ ಇಳಿದಿದೆ. ಹಿಂದೆ ಕುಳಿತ ಹಿರಿಯರೊಬ್ಬರು ಎದ್ದು ಬಂದು, ಕನ್ನಡಕ ಏರಿಸಿ, ಪರದೆಯ ಮೇಲೆ ಬೆರಳಿಟ್ಟು, “ತಮ್ಮಾ, ಹಾಗಾದರೆ ನನ್ನ ಕೆಳಗಿನ ತೋಟದ್ದು ಇದು, ಮೇಲಿನದು ಅದು” ಎಂದರು. ಎರಡು ತೋಟಕ್ಕೂ ಒಂದೇ ಔಷಧಿ ಹೊಡೆಸಲು ಅವರು ಆಳು ಹೇಳಿಟ್ಟಿದ್ದರಂತೆ. ಆ ಖರ್ಚು ಉಳಿಯಿತು. ಆಮೇಲೆ ಅದೇ ಪರದೆಯಲ್ಲಿ ಪಹಣಿ, ಸರ್ವೆ ನಕ್ಷೆ ತೆಗೆಸಿ ಗಡಿ ಜಗಳ ಶುರು ಮಾಡಿದರು. ಅದಕ್ಕೆ ನಾನು ಹೊಣೆಯಲ್ಲ.

ಗಮಕ ವಾಚನದ ಧ್ವನಿಮುದ್ರಣ, ತಾಳಮದ್ದಳೆ, ಮೊಮ್ಮಗನ ಉಪನಯನದ ವಿಡಿಯೊ, ಎಸ್ಸೆಸ್ಸೆಲ್ಸಿ ಹಳೆಯ ಪ್ರಶ್ನೆಪತ್ರಿಕೆ, ಯಾವುದನ್ನೂ ಹೀಗೆ ನೋಡಬಹುದು. ಹಣ ಕೊಟ್ಟು ನೋಡುವ ಕೆಲವು ಸಿನಿಮಾ ಆ್ಯಪುಗಳಲ್ಲಿ ಮಾತ್ರ ಧ್ವನಿ ಬಂದು ಚಿತ್ರ ಕಪ್ಪಾಗುವುದುಂಟು. ಅದು ನಕಲು ತಡೆಯುವ ಬೀಗ, ಹಳೆಯ ಟಿ.ವಿ. ಇಲ್ಲವೇ ನಡುವಿನ ಅಗ್ಗದ ಪೆಟ್ಟಿಗೆಗೆ ಆ ಬೀಗದ ಕೈ ಇರುವುದಿಲ್ಲ. ಕೇಬಲ್ಲನ್ನು ಬೈಯಬೇಡಿ.

ನನ್ನ ಕೋರಿಕೆಗಳು ಹೆಚ್ಚಿಲ್ಲ. ಶಾಲೆಗೆ ಟಿ.ವಿ. ಕೊಡುವ ದಾನಿಗಳು, ಕೊಡಿಸುವ ಇಲಾಖೆಯವರು ಆರ್ಡರ್ ಬರೆಯುವಾಗ ಒಂದು ಸಾಲು ಸೇರಿಸಲಿ: ಶಾಲೆಯ ಲ್ಯಾಪ್‌ಟಾಪಿಗೆ ಹೊಂದುವ ಕೇಬಲ್, ಬೇಕಾದರೆ ಅಡಾಪ್ಟರ್, ಇವನ್ನು ಟಿ.ವಿ. ಜೊತೆಗೇ ಕೊಡಬೇಕು ಮತ್ತು ಗೋಡೆಗೆ ಹಾಕುವ ದಿನವೇ ಲ್ಯಾಪ್‌ಟಾಪಿನಿಂದ ಒಂದು ಪಾಠ ಓಡಿಸಿ ತೋರಿಸಿದ ಮೇಲೆ ಬಿಲ್ ಪಾಸಾಗಬೇಕು. ಗೋಡೆಗೆ ತೀರಾ ಅಂಟಿಸಿ ಹಾಕಬೇಡಿ ಎಂದೂ ಹೇಳಿ. ಎಷ್ಟೋ ಕಡೆ ಕಿಂಡಿಗಳು ಗೋಡೆ ಮತ್ತು ಟಿ.ವಿ. ನಡುವೆ ಸಿಕ್ಕಿಕೊಂಡು, ಕೇಬಲ್ ಹಾಕಬೇಕೆಂದರೆ ಟಿ.ವಿ.ಯನ್ನೇ ಇಳಿಸಬೇಕು. ಪಕ್ಕದಿಂದ ಕೈ ಹೋಗುವಷ್ಟು ಜಾಗ ಬಿಟ್ಟು, ಒಂದು ತುದಿ ಟಿ.ವಿ.ಗೆ ಸಿಕ್ಕಿಸಿದ ಕೇಬಲ್ಲನ್ನು ಕೆಳಕ್ಕೆ ಇಳಿಬಿಟ್ಟಿದ್ದರೆ ಮೇಡಂ ಸ್ಟೂಲು ಹತ್ತುವುದು ತಪ್ಪುತ್ತದೆ.

ಟಿ.ವಿ., ಲ್ಯಾಪ್‌ಟಾಪ್ ಮಾರುವ ಕಂಪನಿಗಳು ಪೆಟ್ಟಿಗೆಯ ಮೇಲೆ ಯಾವ ಕಿಂಡಿ ಏನಕ್ಕೆ ಎಂದು ಕನ್ನಡದಲ್ಲಿ ಚಿತ್ರಸಹಿತ ಹಾಕಲಿ. ಶಿವಮೊಗ್ಗದ ಅಂಗಡಿಗಳಲ್ಲಿ ವರ್ಷಕ್ಕೆ ಎಷ್ಟು ಟಿ.ವಿ. ಖರ್ಚಾಗುತ್ತವೆ ಎಂದು ಅವರಿಗೇ ಗೊತ್ತಿದೆ, ಒಂದು ಕಾಗದ ಮುದ್ರಿಸುವುದು ಅವರಿಗೆ ದೊಡ್ಡ ಖರ್ಚಲ್ಲ.

ತಮ್ಮಲ್ಲೂ ಒಂದು ಕೋರಿಕೆ ಇದೆ ಸಂಪಾದಕರೇ. ಹೊಸ ಮೊಬೈಲಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಅರ್ಧ ಪುಟ ಕೊಡುತ್ತೀರಿ. ಮನೆಯಲ್ಲಿ ಇರುವ ವಸ್ತುವನ್ನೇ ಬಳಸುವುದು ಹೇಗೆಂದು ತಿಂಗಳಿಗೊಮ್ಮೆ ಕಾಲು ಪುಟ ಕೊಡಿ. ಎಚ್‌ಡಿಎಂಐ, ಯುಎಸ್‌ಬಿ, ಟೈಪ್-ಸಿ, ವಿಜಿಎ ನಾಲ್ಕರ ಚಿತ್ರವನ್ನು ನಿಜವಾದ ಅಳತೆಯಲ್ಲೇ ಮುದ್ರಿಸಿದರೆ, ಜನ ಪತ್ರಿಕೆಯ ತುಂಡನ್ನು ಟಿ.ವಿ.ಯ ಹಿಂದೆ ಹಿಡಿದು ಹೋಲಿಸಿ, ತಮಗೆ ಬೇಕಾದ ಕೇಬಲ್ ಯಾವುದೆಂದು ಅಂಗಡಿಯಲ್ಲಿ ಬೆರಳಿಟ್ಟು ಕೇಳಬಹುದು. ಮುದ್ರಿಸುವುದಾದರೆ ಏಪ್ರಿಲ್‌ಗೆ ಮುಂಚೆ ಮುದ್ರಿಸಿ. ಗುಡುಗು ಶುರುವಾದ ಮೇಲೆ ನನಗೆ ಪುರುಸೊತ್ತು ಇರುವುದಿಲ್ಲ. ಚಿತ್ರ ಸರಿಯಿದೆಯೇ ಎಂದು ನೋಡಿಕೊಡಬೇಕಿದ್ದರೆ ಅದಕ್ಕೆ ಮೊದಲೇ ಕಳಿಸಿ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಟಿ.ವಿ. ರಿಪೇರಿಗಾರ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ